ಹಾವೇರಿ ಲೋಕಸಭಾ ಕ್ಷೇತ್ರದ ಸೀಮಾನಿರ್ಣಯ

ಸೀಮೆಯೆಂಬ ಶಬ್ದವು ನಮ್ಮ ನುಡಿಯಲ್ಲಿ ಎರಡರ್ಥಗಳನ್ನು ಹೊತ್ತಿರುವದು. ನಾಡಿಗೂ ಸೀಮೆಯೆನ್ನುವರು, ಆ ನಾಡಿನ ಅಂಚಿಗೂ ಸೀಮೆಯೆನ್ನುವರು. ಹಿರಿಯರು ಎರಡನ್ನೂ ಒಂದೇ ಶಬ್ದದಿಂದ ಕರೆದುದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ. ಅಂಚು ಯಾವದೆಂಬದು ಗೊತ್ತಾಗದ ಹೊರತು ನಾಡು ಯಾವದೆಂದು ಹೇಳಲು ಬಾರದು. ಶ್ರೀಮಠದ ಮಹೋತ್ಸವದ ಈ ಸ್ಮಾರಕ ಗ್ರಂಥಕ್ಕೆ ಇತಿಹಾಸ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ನಮ್ಮ ಭಾಗದ ಶಿಲಾಶಾಸನಗಳನ್ನು ಕುರಿತು ಬರೆಯುವೆನೆಂದು ಮೊದಲು ಎಣಿಸಿದ್ದೆನು. ಆದರೆ ನನ್ನ ಕೈಯಿಂದಲೇ ಆದ ಒಂದು ತಪ್ಪು ನೆನಪಿಗೆ ಬಂದು, ಮನಸ್ಸು ಹಳೆಯ ಸೀಮೆಗಳಿಂದ ಹೊಸ ಸೀಮೆಯೊಂದರ ಕಡೆಗೆ ತಿರುಗಿತು.

ಅದು ೨೦೦೯ನೆಯ ಇಸವಿಯ ಶ್ರಾವಣಮಾಸ. ಸವಣೂರು ತಾಲೂಕಿನ ಯಲವಿಗಿಯ ಕಡೆಯ ಕೆಲವು ಭಕ್ತರು ಶ್ರೀಮಠಕ್ಕೆ ಬಂದಿದ್ದರು. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರಗಳ ಮೇಲೆ ಹಾಯ್ದು ಯಲವಿಗಿಗೆ ರೈಲುಹಾದಿ ಆಗಬೇಕೆಂಬುದು ಆ ಭಾಗದವರ ಬಹುದಿನದ ಬೇಡಿಕೆಯು. ಅದರ ಬಗ್ಗೆ ಲೋಕಸಭೆಯ ಸದಸ್ಯರಿಗೆ ಒಂದು ಬಿನ್ನಹಪತ್ರವನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿಕೊಂಡರು. ತಾಲೂಕು ಸವಣೂರು, ಜಿಲ್ಹೆ ಹಾವೇರಿ. ಆದಕಾರಣ ಹಾವೇರಿಯ ಸದಸ್ಯರ ಹೆಸರಿಗೇ ಬರೆದೆನು. ತಿಂಗಳೊಪ್ಪತ್ತಿನಲ್ಲಿ ಅವರು ಮರಳಿ ಬಂದರು. ಅವರಲ್ಲಿ ಹಿರಿಯರೊಬ್ಬರು ನಗುತ್ತ, “ಶಾಸ್ತ್ರಿಗಳ, ನಮ್ಮೂರ ಓಟು ಧಾರವಾಡಕ್ಕ ಹೋಗಿ ಬೀಳತಾವಂತರೀ” ಎಂದರು. ಹದಿನೈದು ದಿವಸ ವ್ಯಾಕರಣವನ್ನು ತಿದ್ದಿ ಬರೆದ ಪತ್ರವು ವಿಳಾಸದಲ್ಲಿಯೇ ತಪ್ಪಿತ್ತು. ಅಂದಿನಿಂದ ಈ ಕ್ಷೇತ್ರದ ಎಲ್ಲೆಗಳು ಹೀಗೇಕೆ ಆದವೆಂಬುದನ್ನು ತಿಳಿದುಕೊಳ್ಳಬೇಕೆಂಬ ಹವ್ಯಾಸವು ನನಗೆ ಹತ್ತಿತು. ನಮ್ಮ ಭಕ್ತಸಮುದಾಯದಲ್ಲಿ ಬಹುಜನರು ಇದೇ ಸೀಮೆಯವರಾಗಿರುವದರಿಂದ ಅವರಿಗೂ ಇದು ಉಪಯೋಗಕ್ಕೆ ಬಂದೀತೆಂದು ಎಣಿಸಿ ಬರೆಯುತ್ತಿರುವೆನು.

ಮೊದಲು ಪ್ರಾಚೀನ ವೃತ್ತಾಂತವನ್ನು ಅಷ್ಟಿಷ್ಟು ಹೇಳುವೆನು. ಈ ಪ್ರದೇಶದ ಶಾಸನಗಳನ್ನು ಓದಿದವರಿಗೆ ಹಾನುಂಗಲ್ಲು ೫೦೦, ಪುಲಿಗೆರೆ ೩೦೦, ಬೆಳ್ವೊಲ ೩೦೦, ಬನವಾಸಿ ೧೨೦೦೦ ಮುಂತಾದ ಹೆಸರುಗಳು ಪರಿಚಿತವಾಗಿಯೇ ಇರುವವು. ಹಾನುಂಗಲ್ಲೆಂದರೆ ಈಗಿನ ಹಾನಗಲ್ಲು, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಬೆಳ್ವೊಲವು ಗದಗು, ಅಣ್ಣಿಗೇರಿ, ಲಕ್ಕುಂಡಿಗಳ ಸುತ್ತಿನ ಎರೆಯ ನಾಡು. ಗಜೇಂದ್ರಗಡದ ಸಮೀಪದ ಸೂಡಿಯು ಕಿಸುಕಾಡು ೭೦ಕ್ಕೆ ಸೇರಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಮೆಚ್ಚಿಕೊಟ್ಟನೆಂದು ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನದಿಂದ ತಿಳಿದುಬರುವದು. ಅಂದು ನಾಡುಗಳ ಸೀಮೆಯನ್ನು ಒಡೆಯನ ಮೆಚ್ಚು ನಿರ್ಣಯಿಸುತ್ತಿತ್ತು. ಆ ನಾಡುಗಳಿಗೆ ಹತ್ತಿದ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ತೆರಿಗೆಯ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ಇಂದಿನ ನಾಡಿಗೂ ಒಂದು ಸಂಖ್ಯೆಯು ಹತ್ತಿಕೊಂಡಿದೆ. ಆದರೆ ಅದರ ಅರ್ಥದಲ್ಲಿ ಸಂಶಯವಿಲ್ಲ. ಅದು ತಲೆಯೆಣಿಕೆಯ ಸಂಖ್ಯೆಯು.

ಇ.ಸ. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಭಾಗವು ಕುಂಪಣಿ ಸರಕಾರದ ವಶವಾಯಿತು. ಮುಂದೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಹೆಯಲ್ಲಿದ್ದ ಹನ್ನೊಂದು ತಾಲೂಕುಗಳ ಹೆಸರುಗಳನ್ನು ಕೇಳಿದರೆ ಇಂದಿನ ತರುಣರಿಗೆ ಸೋಜಿಗವಾದೀತು. ಹಾವೇರಿಯ ಹೆಸರಿನ ತಾಲೂಕು ಅವುಗಳಲ್ಲಿ ಇರಲೇ ಇಲ್ಲ. ಅದು ಕರಜಗಿ ತಾಲೂಕಿನಲ್ಲಿತ್ತು. ಹಿರೇಕೆರೂರಿನಲ್ಲಿ ಕಚೇರಿಯಿದ್ದ ತಾಲೂಕಿಗೆ ಕೋಡವೆಂದೂ, ಶಿಗ್ಗಾಂವಿಯಲ್ಲಿ ಕಚೇರಿಯಿದ್ದ ತಾಲೂಕಿಗೆ ಬಂಕಾಪುರವೆಂದೂ ಹೆಸರು. ನಡುನಡುವೆ ಸಂಸ್ಥಾನಗಳ ತುಣುಕುಗಳು ಬೇರೆ. ಸವಣೂರಿನಲ್ಲಿ ನವಾಬರು, ಶಿರಹಟ್ಟಿಯು ಸಾಂಗಲಿಯವರದು, ಲಕ್ಷ್ಮೇಶ್ವರವು ಮಿರಜಿನವರದು. ಲಕ್ಷ್ಮೇಶ್ವರದಿಂದ ಸವಣೂರಿಗೆ ಎತ್ತಿನ ಗಾಡಿಯಲ್ಲಿ ಹೋಗುವ ವ್ಯಾಪಾರಿಯು ಒಂದು ಹಗಲಿನಲ್ಲಿ ಎರಡು ಸಂಸ್ಥಾನಗಳ ಮಣ್ಣನ್ನು ತುಳಿಯುತ್ತಿದ್ದನು. ೧೯೪೮ರಲ್ಲಿ ಈ ಸಂಸ್ಥಾನಗಳು ವಿಲೀನವಾದವು. ಇಷ್ಟೆಲ್ಲ ಗಡಿಗಳು ಅಳಿದರೂ ತುಂಗಭದ್ರೆಯೊಂದು ಮಾತ್ರ ಗಡಿಯಾಗಿಯೇ ಉಳಿಯಿತು. ಆಗ ಅದರ ಆಚೆಯ ದಂಡೆಯಲ್ಲಿ ಮೈಸೂರು ಸೀಮೆಯೂ ಮದ್ರಾಸ ಇಲಾಖೆಯೂ ಇದ್ದವು. ಈಗ ದಾವಣಗೆರೆ, ವಿಜಯನಗರ ಜಿಲ್ಹೆಗಳಿರುವವು. ರಾಣಿಬೆನ್ನೂರಿನಿಂದ ಮುಂಡರಗಿಯ ವರೆಗೆ ಹೊಳೆಯು ಎಳೆದ ಗೆರೆಯನ್ನು ಯಾವ ಆಯೋಗವೂ ಅಳಿಸಲಿಲ್ಲ.

ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯಲ್ಲಿ ಈ ಪ್ರದೇಶವು ಮುಂಬಯಿ ರಾಜ್ಯದಲ್ಲಿಯೇ ಇತ್ತು. ಆಗ ಧಾರವಾಡ ಉತ್ತರ, ಧಾರವಾಡ ದಕ್ಷಿಣವೆಂದು ಎರಡು ಲೋಕಸಭಾ ಕ್ಷೇತ್ರಗಳಾದವು. ೧೯೫೨ರಲ್ಲಿ ಉತ್ತರದಿಂದ ಡಿ. ಪಿ. ಕರಮರಕರರೂ ದಕ್ಷಿಣದಿಂದ ಟಿ. ಆರ್. ನೇಸ್ವಿಯವರೂ ಆಯ್ಕೆಯಾದರು. ೧೯೫೬ರ ನವೆಂಬರ ೧ರಂದು ಜಿಲ್ಹೆಯು ಮೈಸೂರು ರಾಜ್ಯವನ್ನು ಸೇರಿತು. ಕ್ಷೇತ್ರಗಳ ಹೆಸರುಗಳು ಮಾತ್ರ ಹಾಗೆಯೇ ನಡೆದುಬಂದವು. ೧೯೬೨ರಿಂದ ೧೯೮೦ರ ವರೆಗೆ ದಕ್ಷಿಣದ ಸದಸ್ಯರು ಎಫ್. ಎಚ್. ಮೊಹಸೀನರು, ಉತ್ತರದ ಸದಸ್ಯರು ಸರೋಜಿನಿ ಮಹಿಷಿಯವರು. ಧಾರವಾಡ ದಕ್ಷಿಣವೆಂಬ ಹೆಸರಿನಲ್ಲಿ ಒಂದು ಸೌಕರ್ಯವಿತ್ತು. ಧಾರವಾಡದಿಂದ ತೆಂಕಣಕ್ಕೆ ಇರುವ ನಾಡು ಅದೆಂದು ಯಾರಿಗಾದರೂ ತಿಳಿಯುತ್ತಿತ್ತು. ೧೯೯೭ರ ಆಗಸ್ಟದಲ್ಲಿ ಹಾವೇರಿಯೂ ಗದಗವೂ ಬೇರೆ ಬೇರೆ ಜಿಲ್ಹೆಗಳಾದ ಮೇಲೆ ಈ ಸೌಕರ್ಯವು ಹೋಯಿತು. ಜಿಲ್ಹೆಯೇ ಬೇರೆಯಾದ ಜನರು ಹತ್ತು ವರ್ಷಗಳ ಮೇಲೆಯೂ ಧಾರವಾಡದ ಹೆಸರಿನ ಕ್ಷೇತ್ರದಲ್ಲಿಯೇ ಮತ ಹಾಕುತ್ತ ಬಂದರು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಸಂವಿಧಾನದ ಇತಿಹಾಸವನ್ನು ತುಸು ನೋಡಬೇಕು. ಪ್ರತಿಯೊಂದು ಜನಗಣತಿಯ ತರುವಾಯ ಕ್ಷೇತ್ರಗಳನ್ನು ಮರಳಿ ವಿಂಗಡಿಸಬೇಕೆಂಬುದು ಸಂವಿಧಾನದ ಮೂಲ ವಿಧಿಯು. ಅದರಂತೆ ೧೯೫೨, ೧೯೬೩, ೧೯೭೩ರ ಆಯೋಗಗಳು ಕೆಲಸ ಮಾಡಿದವು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ಪ್ರಾಂತಗಳಿಗೆ ಸ್ಥಾನಗಳು ಕಡಿಮೆಯಾಗಿ ನಷ್ಟವಾಗಬಾರದೆಂಬ ಉದ್ದೇಶದಿಂದ ೧೯೭೬ರ ೪೨ನೆಯ ತಿದ್ದುಪಡಿಯು ಈ ಕಾರ್ಯವನ್ನು ೨೦೦೦ದ ವರೆಗೆ ತಡೆಹಿಡಿಯಿತು. ಆ ಅವಧಿ ಮುಗಿಯಲು ೮೪ನೆಯ ತಿದ್ದುಪಡಿಯು ರಾಜ್ಯಗಳ ಸ್ಥಾನಗಳ ಸಂಖ್ಯೆಯನ್ನು ೨೦೨೬ರ ತರುವಾಯದ ಮೊದಲ ಜನಗಣತಿಯ ವರೆಗೆ ಹಾಗೆಯೇ ಇರಿಸಿ, ರಾಜ್ಯದೊಳಗಿನ ಎಲ್ಲೆಗಳನ್ನು ಮಾತ್ರ ಸರಿಪಡಿಸಲು ಅವಕಾಶವನ್ನು ಕೊಟ್ಟಿತು. ೨೦೦೩ರ ೮೭ನೆಯ ತಿದ್ದುಪಡಿಯಿಂದ ೨೦೦೧ರ ಜನಗಣತಿಯು ಇದಕ್ಕೆ ಆಧಾರವಾಯಿತು. ಹೀಗೆ ಕರ್ನಾಟಕಕ್ಕೆ ಲೋಕಸಭೆಯಲ್ಲಿ ೨೮, ವಿಧಾನಸಭೆಯಲ್ಲಿ ೨೨೪ ಎಂಬ ಲೆಕ್ಕವು ಕದಲಲಿಲ್ಲ. ಒಳಗಿನ ಗೆರೆಗಳು ಮಾತ್ರ ಕದಲಿದವು. ನಿವೃತ್ತ ನ್ಯಾಯಮೂರ್ತಿ ಕುಲದೀಪ ಸಿಂಗರ ಅಧ್ಯಕ್ಷತೆಯ ಆಯೋಗವು ಈ ಕೆಲಸವನ್ನು ನೆರವೇರಿಸಿತು. ೨೦೦೮ರ ಫೆಬ್ರುವರಿ ೧೯ರಂದು ರಾಷ್ಟ್ರಪತಿಗಳ ಆದೇಶದಿಂದ ಅದು ಜಾರಿಗೆ ಬಂದಿತು. ಧಾರವಾಡ ಉತ್ತರ, ದಕ್ಷಿಣಗಳೆರಡೂ ಆಗ ಅಳಿದು ಧಾರವಾಡ, ಹಾವೇರಿಗಳೆಂಬ ಕ್ಷೇತ್ರಗಳು ಹುಟ್ಟಿದವು.

ಇನ್ನು ಗಣಿತಕ್ಕೆ ಬರುವೆನು. ಪಾಠಶಾಲೆಯಲ್ಲಿ ಗಣಿತಕ್ಕೆ ಅಂಜಿ ವ್ಯಾಕರಣಕ್ಕೆ ಓಡಿದವನು ನಾನು; ಆದರೂ ಈ ಲೆಕ್ಕವು ಅಷ್ಟು ಕಠಿಣವಲ್ಲ. ೨೨೪ನ್ನು ೨೮ರಿಂದ ಭಾಗಿಸಿದರೆ ೮ ಬರುವದು. ಒಂದು ವಿಧಾನಸಭಾ ಕ್ಷೇತ್ರವನ್ನು ಸೀಳಿ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಕೂಡದೆಂದು ಕಾಯದೆಯ ನಿಯಮವಿರುವದು. ಆದಕಾರಣ ಕರ್ನಾಟಕದಲ್ಲಿ ಎಂಟು ಇಡೀ ವಿಧಾನಸಭಾ ಕ್ಷೇತ್ರಗಳು ಕೂಡಿ ಒಂದು ಲೋಕಸಭಾ ಕ್ಷೇತ್ರವಾಗುವದು. ೨೦೦೧ರಲ್ಲಿ ರಾಜ್ಯದ ಜನಸಂಖ್ಯೆಯು ೫,೨೮,೫೦,೫೬೨. ಇದರ ಮೇರೆಗೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಾಸರಿ ೧೮,೮೭,೫೨೦ ಜನರೂ, ಒಂದು ವಿಧಾನಸಭಾ ಕ್ಷೇತ್ರಕ್ಕೆ ೨,೩೫,೯೪೦ ಜನರೂ ಬರುವರು. ಆ ಗಣತಿಯಲ್ಲಿ ಹಾವೇರಿ ಜಿಲ್ಹೆಯ ಜನರು ಸುಮಾರು ೧೪ ಲಕ್ಷ ೩೯ ಸಾವಿರ. ಗದಗಿನವರು ಸುಮಾರು ೯ ಲಕ್ಷ ೭೨ ಸಾವಿರ. ಧಾರವಾಡದವರು ಸುಮಾರು ೧೬ ಲಕ್ಷ ೪ ಸಾವಿರ. ಬಾಗಲಕೋಟೆಯವರು ಸುಮಾರು ೧೬ ಲಕ್ಷ ೫೨ ಸಾವಿರ. ಸರಾಸರಿಯಿಂದ ಭಾಗಿಸಿದರೆ ಹಾವೇರಿಗೆ ಆರು, ಗದಗಿಗೆ ನಾಲ್ಕು, ಧಾರವಾಡಕ್ಕೆ ಏಳು, ಬಾಗಲಕೋಟೆಗೆ ಏಳು ವಿಧಾನಸಭಾ ಸ್ಥಾನಗಳು ಬರುವವು. ಹಾಗೆಯೇ ಕೊಡಲ್ಪಟ್ಟಿರುವವು.

ವಾಚಕರು ಈಗ ಒಂದು ಚಮತ್ಕಾರವನ್ನು ನೋಡಬೇಕು. ಆರು, ನಾಲ್ಕು, ಏಳು, ಏಳು ಕೂಡಿದರೆ ಇಪ್ಪತ್ತುನಾಲ್ಕು. ಅಂದರೆ ಮೂರು ಎಂಟುಗಳು. ನಾಲ್ಕು ಜಿಲ್ಹೆಗಳಿಗೆ ಮೂರು ಲೋಕಸಭಾ ಕ್ಷೇತ್ರಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಬಿಡಿಬಿಡಿಯಾಗಿ ನೋಡಿದರೆ ಯಾವ ಜಿಲ್ಹೆಗೂ ಎಂಟು ಇಲ್ಲ. ಧಾರವಾಡಕ್ಕೆ ಒಂದು ಕಡಿಮೆ, ಬಾಗಲಕೋಟೆಗೆ ಒಂದು ಕಡಿಮೆ. ಹಾವೇರಿ, ಗದಗಗಳನ್ನು ಕೂಡಿಸಿದರೆ ಹತ್ತಾಗಿ ಎರಡು ಹೆಚ್ಚು. ಆ ಎರಡನ್ನು ತೆಗೆದು ಒಂದನ್ನು ಧಾರವಾಡಕ್ಕೂ ಇನ್ನೊಂದನ್ನು ಬಾಗಲಕೋಟೆಗೂ ಕೊಟ್ಟರೆ ಲೆಕ್ಕವು ಸರಿಹೋಗುವದು. ಹಾಗೆ ಹೊರಬಿದ್ದವುಗಳೇ ಶಿಗ್ಗಾಂವಿ ಮತ್ತು ನರಗುಂದ. ಶಿಗ್ಗಾಂವಿಯು ಧಾರವಾಡಕ್ಕೆ ನೆರೆ. ನರಗುಂದವು ಬಾಗಲಕೋಟೆಗೆ ನೆರೆ. ಯಾರ ದ್ವೇಷವೂ ಇದರಲ್ಲಿಲ್ಲ, ಯಾರ ಒಲವೂ ಇಲ್ಲ. ನನ್ನ ಪತ್ರವು ತಪ್ಪಿದ್ದು ಈ ಎಂಟರ ಮಗ್ಗಿಯಲ್ಲಿ.

ಉಳಿದ ಎಂಟು ಕ್ಷೇತ್ರಗಳು ಇವು: ಗದಗ ಜಿಲ್ಹೆಯಿಂದ ಶಿರಹಟ್ಟಿ, ಗದಗ, ರೋಣ, ಹಾವೇರಿ ಜಿಲ್ಹೆಯಿಂದ ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣಿಬೆನ್ನೂರು. ಇವುಗಳಲ್ಲಿ ಶಿರಹಟ್ಟಿ, ಹಾವೇರಿ ಎರಡೂ ವಿಧಾನಸಭೆಯ ಮಟ್ಟಿಗೆ ಪರಿಶಿಷ್ಟ ಜಾತಿಯವರಿಗೆ ಮೀಸಲು. ಮೊದಲು ತನ್ನದೇ ಆದ ವಿಧಾನಸಭಾ ಕ್ಷೇತ್ರವಾಗಿದ್ದ ಮುಂಡರಗಿಯು ಈ ವಿಂಗಡಣೆಯಲ್ಲಿ ಹೆಸರನ್ನೇ ಕಳೆದುಕೊಂಡು ನೆರೆಯ ಕ್ಷೇತ್ರಗಳಲ್ಲಿ ಹಂಚಿಹೋಯಿತು. ೧೮೫೮ರಲ್ಲಿ ಕುಂಪಣಿಯ ವಿರುದ್ಧ ಒಂದೇ ಕಾಲಕ್ಕೆ ಎದ್ದ ಮುಂಡರಗಿಯ ಭೀಮರಾಯನ ಊರೂ ನರಗುಂದದ ಬಾಬಾಸಾಹೇಬನ ಊರೂ ಈ ಲೆಕ್ಕದಲ್ಲಿ ಒಂದು ಕರಗಿತು, ಇನ್ನೊಂದು ಹೊರಗಾಯಿತು.

ಕ್ಷೇತ್ರದ ಆಕಾರವನ್ನು ನಕಾಶೆಯಲ್ಲಿ ನೋಡಿದರೆ ನಡುವೆ ಹಿಡಿದು ಒತ್ತಿದ ಚೀಲದಂತೆ ತೋರುವದು. ಶಿಗ್ಗಾಂವಿ, ಸವಣೂರುಗಳ ಭೂಭಾಗವು ವಾಯವ್ಯದಿಂದ ಬೆಣೆಯಂತೆ ಒಳಹೊಕ್ಕಿರುವದು. ಅದರ ಪೂರ್ವಕ್ಕೆ, ವರದೆಯು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಕಡೆಯ ಪ್ರದೇಶದಲ್ಲಿ, ಹಾವೇರಿಯ ಭಾಗವೂ ಶಿರಹಟ್ಟಿಯ ಭಾಗವೂ ಒಂದಕ್ಕೊಂದು ಹತ್ತಿಕೊಂಡಿರುವವು. ಹಾನಗಲ್ಲು ಕೆರೆಗಳ ನಾಡು, ಮಲೆನಾಡಿನ ಸೆರಗು, ಅಲ್ಲಿ ಬತ್ತ. ರೋಣವು ಎರೆಯ ಬಯಲು. ಅಲ್ಲಿ ಜೋಳ, ಹತ್ತಿ. ನಡುವೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಇಷ್ಟು ಭಿನ್ನವಾದ ಬೆಳೆಗಳ ಒಕ್ಕಲಿಗರಿಗೆ ದಿಲ್ಲಿಯಲ್ಲಿ ಬಾಯಿ ಒಂದೇ. ಹಾವೇರಿಯು ಹುಬ್ಬಳ್ಳಿ–ಬೆಂಗಳೂರು ರೈಲುಹಾದಿಯ ಮೇಲಿರುವದು. ಗದಗು ಹುಬ್ಬಳ್ಳಿ–ಗುಂತಕಲ್ಲು ಹಾದಿಯ ಮೇಲಿರುವದು. ಒಂದೇ ಕ್ಷೇತ್ರದ ಈ ಎರಡು ಪಟ್ಟಣಗಳ ನಡುವೆ ಉಗಿಬಂಡಿಯಲ್ಲಿ ಹೋಗಬೇಕೆಂದರೆ, ಕ್ಷೇತ್ರವನ್ನು ಬಿಟ್ಟು ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಮರಳಿ ಕ್ಷೇತ್ರದೊಳಗೆ ಬರಬೇಕು. ಯಲವಿಗಿಯ ಭಕ್ತರು ಬೇಡಿದ ಹಾದಿಯು ಆದರೆ ಈ ಸುತ್ತು ತಪ್ಪೀತು. ಆದರೆ ಆ ಹಾದಿಯ ಒಂದು ತುದಿಯು ಹಾವೇರಿ ಕ್ಷೇತ್ರದಲ್ಲಿಯೂ ಇನ್ನೊಂದು ತುದಿಯು ಧಾರವಾಡ ಕ್ಷೇತ್ರದಲ್ಲಿಯೂ ಇರುವದೆಂಬುದನ್ನು ಮರೆಯಬಾರದು.

ಹಾಗಾದರೆ ಈ ಕೂಟವು ಬರಿಯ ಲೆಕ್ಕದ ಕೂಟವೇ? ನಮ್ಮ ಪರಂಪರೆಯನ್ನು ಬಲ್ಲವರು ಹಾಗೆನ್ನಲಾರರು. ಹಾನಗಲ್ಲ ಕುಮಾರಸ್ವಾಮಿಗಳವರು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನನ್ನು ಗುರುತಿಸಿ ಸಂಗೀತವಿದ್ಯೆಗೆ ಹಚ್ಚಿದರು. ಆತನೇ ಪಂಚಾಕ್ಷರ ಗವಾಯಿಗಳಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳಗಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಹಾವೇರಿ ಸೀಮೆಯಿಂದಲೇ ಹೋದವರು. ಹಾನಗಲ್ಲು ಗದಗುಗಳನ್ನು ೨೦೦೮ರಲ್ಲಿ ಆಯೋಗವು ಕೂಡಿಸುವದಕ್ಕಿಂತ ಬಹಳ ಮೊದಲೇ ಆ ಹಾದಿಯಲ್ಲಿ ಜನರು ನಡೆದಿದ್ದರು. ಆದರೆ ಇಂಥ ಸಂಬಂಧವನ್ನು ನೋಡಿ ಆಯೋಗವು ಗೆರೆಯೆಳೆಯಿತೆಂದು ಹೇಳಿದರೆ ಅದು ಸುಳ್ಳಾದೀತು.

ಕಾಯದೆಯು ಜನಸಂಖ್ಯೆಯನ್ನೇ ಅಲ್ಲದೆ ಭೂಲಕ್ಷಣ, ಆಡಳಿತದ ಎಲ್ಲೆಗಳು, ಸಂಚಾರದ ಅನುಕೂಲತೆ, ಜನರ ಸೌಕರ್ಯ ಇವುಗಳನ್ನೂ ನೋಡಬೇಕೆಂದು ಹೇಳುವದು. ಆದರೆ ಸಂಖ್ಯೆಯನ್ನು ತೂಗುವದು ಸುಲಭ. ಸೌಕರ್ಯವನ್ನು ಅದು ಇಲ್ಲದವರು ಬಾಯಿಬಿಟ್ಟು ಹೇಳದ ಹೊರತು ತೂಗುವವರಾರು? ಅದಕ್ಕಾಗಿಯೇ ಆಯೋಗವು ತನ್ನ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಜನರ ಮಾತನ್ನು ಕೇಳಬೇಕೆಂದು ಕಟ್ಟಳೆಯಿರುವದು. ಪ್ರತಿಯೊಂದು ರಾಜ್ಯದಿಂದ ಐವರು ಲೋಕಸಭಾ ಸದಸ್ಯರೂ ಐವರು ವಿಧಾನಸಭಾ ಸದಸ್ಯರೂ ಸಹಾಯಕರಾಗಿ ಕೂಡ್ರುವರು. ಅವರಿಗೆ ಮತ ಹಾಕುವ ಅಧಿಕಾರವಿಲ್ಲ. ಆದೇಶವು ಒಮ್ಮೆ ಪ್ರಕಟವಾಯಿತೆಂದರೆ ಅದಕ್ಕೆ ಕಾಯದೆಯ ಬಲವು ಬರುವದು. ಸಂವಿಧಾನದ ೩೨೯ನೆಯ ಅನುಚ್ಛೇದದ ಮೇರೆಗೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಬಾರದು. ಆದೇಶವು ತೀರ ಸ್ವೇಚ್ಛಾಚಾರದ್ದಾದರೆ ಪರೀಕ್ಷಿಸುವ ಬಾಗಿಲು ಪೂರ್ಣ ಮುಚ್ಚಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ಹೇಳಿದ್ದುಂಟು. ಆದರೂ ಮಾತಾಡುವ ಕಾಲವು ಕರಡು ಹೊರಬಿದ್ದ ಆ ಕೆಲವು ವಾರಗಳೇ. ಸವಣೂರಿನ ಹಳ್ಳಿಗಳಲ್ಲಿ ಎಷ್ಟು ಜನರು ಆ ಕರಡನ್ನು ಓದಿದ್ದರು? ಅಷ್ಟೇಕೆ, ಓದು ಬರಹವೇ ವೃತ್ತಿಯಾದ ನಾನೇ ಅದನ್ನು ಓದಿರಲಿಲ್ಲ. ಮುಂದಿನ ವಿಂಗಡಣೆಯು ಹೊಸ ಜನಗಣತಿಯ ಮೇಲೆ ನಿಲ್ಲುವದು. ಎಂಟರ ಮಗ್ಗಿಯು ಆಗ ಏಳರದಾದೀತೋ, ಒಂಬತ್ತರದಾದೀತೋ ಈಗಲೇ ಹೇಳಲು ಬಾರದು. ಆದರೆ ಯಾವ ಮಗ್ಗಿಯಾದರೂ ಶೇಷವು ಉಳಿದೇ ಉಳಿಯುವದು. ಆ ಶೇಷವು ಯಾವ ಊರಿನ ಮೇಲೆ ಬೀಳಬೇಕೆಂಬ ವಿಷಯದಲ್ಲಿ ಮಾತ್ರ ಊರವರ ಮಾತಿಗೆ ಬೆಲೆಯಿದ್ದೀತು.

ಹೊಸ ಕ್ಷೇತ್ರದ ಮೊದಲ ಚುನಾವಣೆಯು ೨೦೦೯ರಲ್ಲಿ ನಡೆದು ಶಿವಕುಮಾರ ಉದಾಸಿಯವರು ಗೆದ್ದರು. ೨೦೧೪, ೨೦೧೯ರಲ್ಲಿಯೂ ಅವರೇ ಆಯ್ಕೆಯಾದರು. ೨೦೨೪ರಲ್ಲಿ ಬಸವರಾಜ ಬೊಮ್ಮಾಯಿಯವರು ಗೆದ್ದರು. ಬೊಮ್ಮಾಯಿಯವರು ೨೦೦೮ರಿಂದ ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದುದು ಶಿಗ್ಗಾಂವಿಯನ್ನು. ಅಂದರೆ ಹದಿನಾರು ವರ್ಷ ಅವರನ್ನು ಆರಿಸಿದ ಶಿಗ್ಗಾಂವಿ, ಸವಣೂರಿನ ಮತದಾರರು ಅವರು ಲೋಕಸಭೆಗೆ ನಿಂತ ದಿವಸ ಅವರ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಮತ ಹಾಕಲಾರದೆ, ಧಾರವಾಡದ ಅಭ್ಯರ್ಥಿಗಳ ಪಟ್ಟಿಯನ್ನು ನೋಡಬೇಕಾಯಿತು. ಈ ಸಂಗತಿಯನ್ನು ನಮ್ಮ ಯಲವಿಗಿಯ ಹಿರಿಯರಿಗೆ ವಿವರಿಸಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಹಳೆಯ ಪತ್ರವನ್ನೇ ಇನ್ನೊಮ್ಮೆ ಬರೆದುಕೊಡಬೇಕೆಂದರು. ಈ ಸಲ ಎರಡು ಪ್ರತಿಗಳನ್ನು ಬರೆದಿರುವೆನು. ಒಂದು ಧಾರವಾಡಕ್ಕೆ, ಒಂದು ಹಾವೇರಿಗೆ.